‘ಪಾರ್ಲಿಮೆಂಟರಿ ಮಾನಿಟರಿಂಗ್’: ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ಡಾಡ್ಸ್ ಎಂಬ ಕಂಪನಿಯ ಚರಿತ್ರೆಯನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡು, ಎರಡನೆಯ ವಾಕ್ಯದಲ್ಲೇ ಸಿಕ್ಕಿಕೊಂಡಿದ್ದೇನೆ. ಆ ಕಂಪನಿಯ ಕಸುಬು ‘ಪೊಲಿಟಿಕಲ್ ರಿಸರ್ಚ್’ ಮತ್ತು ‘ಪಾರ್ಲಿಮೆಂಟರಿ ಮಾನಿಟರಿಂಗ್’. ಮೊದಲ ಕರಡಿನಲ್ಲಿ ‘ಸಂಸತ್ ಮೇಲ್ವಿಚಾರಣಾ ಕಂಪನಿ’ ಎಂದು ಬರೆದು ನಿರಾಳವಾಗಿದ್ದೆ. ಅದನ್ನು ಓದಿದ ನಮ್ಮ ಅಕ್ಕ, ‘ಸಂಸತ್ತಿಗೆ ಮೇಲ್ವಿಚಾರಕರನ್ನು ನೇಮಿಸಿದ್ದು ಯಾವಾಗ? ಹಾಗಾದರೆ ಸ್ಪೀಕರ್ ಏನು ಮಾಡುತ್ತಾರೆ?’ ಎಂದರು. ಕರಡು ಅಲ್ಲಿಗೇ ನಿಂತಿತು.

ಅವರು ಹೇಳಿದ್ದು ಸರಿ. ಮೇಲ್ವಿಚಾರಣೆಯಲ್ಲಿ ‘ಮೇಲೆ’ ಇದೆ, ಅಧಿಕಾರವಿದೆ. ‘ಉಸ್ತುವಾರಿ’ಯದೂ ಅದೇ ಪಾಡು, ಜೊತೆಗೆ ಜಿಲ್ಲಾ ಸಚಿವರ ವಾಸನೆ ಬೇರೆ. ‘ಕಣ್ಗಾವಲು’ ಎಂದರೆ ಕ್ಯಾಮೆರಾ, ಪೊಲೀಸು, ಸಂಶಯ. ‘ವೀಕ್ಷಣೆ’ ಎನ್ನೋಣವೆಂದರೆ ವೀಕ್ಷಕರು ಬರುವುದು ಜಲಪಾತಕ್ಕೆ, ಇಲ್ಲವೇ ಹೈಕಮಾಂಡಿನಿಂದ. ‘ನಿಗಾ’ ಚಿಕ್ಕದು, ಬಾಯಿಗೆ ಹಗುರ, ಪತ್ರಿಕೆಗಳಿಗೂ ಪ್ರಿಯ. ಫಾರಸಿಯ ನೋಟ ಎಂಬ ಅರ್ಥದ ‘ನಿಗಾಹ್’ ಕನ್ನಡದಲ್ಲಿ ಬಾಲ ಕಳೆದುಕೊಂಡು ನಿಂತ ರೂಪ ಅದು. ಆದರೆ ‘ತೀವ್ರ ನಿಗಾ ಘಟಕ’ ಅದನ್ನು ಆಸ್ಪತ್ರೆಗೆ ಸೇರಿಸಿಬಿಟ್ಟಿದೆ. ‘ಸಂಸತ್ ನಿಗಾ ಕಂಪನಿ’ ಎಂದಾಗ ಬ್ರಿಟನ್ನಿನ ಸಂಸತ್ತಿರುವ ವೆಸ್ಟ್‌ಮಿನ್‌ಸ್ಟರಿಗೆ ಆಮ್ಲಜನಕ ಹಚ್ಚಿ ಮಲಗಿಸಿದ ಚಿತ್ರ ನನಗಂತೂ ಕಣ್ಣಿಗೆ ಕಟ್ಟುತ್ತದೆ.

ಪದ ಹುಡುಕುವ ಮೊದಲು ಕೆಲಸ ಯಾವುದೆಂದು ನೋಡಬೇಕೆನಿಸಿತು. ಇಂಥ ಕಂಪನಿಯ ನೌಕರ ಬೆಳಿಗ್ಗೆ ಅಂದಿನ ಕಾರ್ಯಕಲಾಪ ಪಟ್ಟಿ ಓದುತ್ತಾನೆ. ಲಿಖಿತ ಪ್ರಶ್ನೋತ್ತರ, ಸಮಿತಿಗಳ ಸಾಕ್ಷ್ಯ, ಮಸೂದೆಗೆ ಬಂದ ತಿದ್ದುಪಡಿ, ಸಚಿವಾಲಯದ ಪ್ರಕಟಣೆ, ಎಲ್ಲವನ್ನೂ ಜಾಲಿಸುತ್ತಾನೆ. ಔಷಧ ತಯಾರಕರಿಗೆ, ವಿಶ್ವವಿದ್ಯಾಲಯಕ್ಕೆ, ಕಾರ್ಮಿಕ ಸಂಘಕ್ಕೆ, ಧರ್ಮಾರ್ಥ ಸಂಸ್ಥೆಗೆ, ಹೀಗೆ ಚಂದಾ ಕಟ್ಟಿದ ಒಬ್ಬೊಬ್ಬರಿಗೂ ಅವರವರಿಗೆ ಬೇಕಾದಷ್ಟನ್ನೇ ಆಯ್ದು, ಆದಷ್ಟು ಬೇಗ ಕಳುಹಿಸುತ್ತಾನೆ. ಯಾರನ್ನೂ ಒಲಿಸಿಕೊಳ್ಳುವುದು ಅವನ ಕೆಲಸವಲ್ಲ, ಅದು ಲಾಬಿಯವರದು. (ಲಾಬಿ ಎಂದರೆ ಮೂಲದಲ್ಲಿ ನಮ್ಮ ಮೊಗಸಾಲೆಯೇ. ಕನ್ನಡ ಪತ್ರಿಕೆಗಳು ಕಟ್ಟಡದ ಭಾಗಕ್ಕೆ ‘ಮೊಗಸಾಲೆ’ಯನ್ನೂ ಅಲ್ಲಿ ನಡೆಯುವ ವ್ಯವಹಾರಕ್ಕೆ ‘ಲಾಬಿ’ಯನ್ನೂ ಇಟ್ಟುಕೊಂಡು ಮೊಗಸಾಲೆಯ ಮಾನ ಉಳಿಸಿವೆ.) ಅಂದರೆ ಈ ಕಸುಬಿನಲ್ಲಿ ನೋಡುವುದು ಅರ್ಧ ಭಾಗ ಮಾತ್ರ. ಇನ್ನರ್ಧ ತಿಳಿಸುವುದು. ನಾನು ಮೇಲೆ ಹೆಸರಿಸಿದ ಕನ್ನಡ ಪದಗಳೆಲ್ಲವೂ ಬರೀ ನೋಡುತ್ತವೆ, ಒಂದೂ ಬಾಯಿ ಬಿಡುವುದಿಲ್ಲ.

ಚರಿತ್ರೆಯಲ್ಲಿ ಹಿಂದಕ್ಕೆ ಹೋದಷ್ಟೂ ಈ ಎರಡನೆಯ ಅರ್ಧವೇ ದೊಡ್ಡದಾಗಿ ಕಾಣುತ್ತದೆ. ಸಭೆಯಲ್ಲಿ ಕೂತು ಕೇಳಿಸಿಕೊಂಡವರನ್ನು ಹೇಗೋ ಸಹಿಸುತ್ತಿದ್ದರು, ಹೊರಗೆ ಹೇಳಿದವರನ್ನಲ್ಲ. ಚರ್ಚೆಯನ್ನು ಅಚ್ಚು ಹಾಕುವುದು ಹಕ್ಕುಚ್ಯುತಿ ಎಂದು ಬ್ರಿಟನ್ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್ 1738ರಲ್ಲಿ ನಿರ್ಣಯ ಮಾಡಿತು. ಆಗ ಲಂಡನ್ನಿನ ಮಾಸಪತ್ರಿಕೆಯೊಂದು, ಗಲಿವರನ ಕಥೆಯ ಕುಳ್ಳರ ನಾಡನ್ನು ಎರವಲು ಪಡೆದು, ‘ಲಿಲಿಪುಟ್ ದೇಶದ ಸಭೆಯಲ್ಲಿ ನಡೆದ ಚರ್ಚೆ’ ಎಂಬ ನೆಪದಲ್ಲಿ ವರದಿಗಳನ್ನು ಪ್ರಕಟಿಸತೊಡಗಿತು. 1771ರಲ್ಲಿ ಮುದ್ರಕರನ್ನು ಹಿಡಿಯಲು ಸಭೆ ಹೊರಟಾಗ ಲಂಡನ್ನಿನ ಮೇಯರ್ ಬ್ರಾಸ್ ಕ್ರಾಸ್ಬಿ ಅಡ್ಡ ಬಂದರು, ಅದಕ್ಕಾಗಿ ಲಂಡನ್ ಟವರ್ ಕೋಟೆಯ ಸೆರೆಮನೆ ಸೇರಿದರು. ಜನ ಅವರ ಪರ ನಿಂತರು. ಅಲ್ಲಿಂದಾಚೆಗೆ ಪತ್ರಿಕೆಗಳ ಬಾಯಿ ಕಟ್ಟುವ ಪ್ರಯತ್ನ ಸಡಿಲವಾಯಿತು. ಸದಸ್ಯರಲ್ಲದವರನ್ನೆಲ್ಲ ಆ ಸಭೆ ‘ಸ್ಟ್ರೇಂಜರ್ಸ್’ ಎಂದೇ ಕರೆಯುತ್ತಿತ್ತು. ಪರಕೀಯರು, ಪರಸ್ಥಳದವರು ಎಂಬಂತೆ. ಆ ಮಾತನ್ನು ಕೈಬಿಟ್ಟದ್ದು 2004ರಲ್ಲಿ!

ಹೇಳುವ ಈ ಕೆಲಸ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಎರಡು ಕವಲಾಯಿತು. ಯಾರು ಏನು ಮಾತಾಡಿದರು ಎಂಬುದು ಒಂದು. ವಿಲಿಯಂ ಕಾಬೆಟ್ ಆರಂಭಿಸಿದ ಚರ್ಚಾವರದಿಯನ್ನು 1812ರಲ್ಲಿ ಮುದ್ರಕ ಹ್ಯಾನ್ಸಾರ್ಡ್ ಕೊಂಡರು. ಅವರ ಹೆಸರೇ ವರದಿಯ ಹೆಸರಾಯಿತು. 1909ರಿಂದ ಸಂಸತ್ತೇ ತನ್ನ ವರದಿಗಾರರನ್ನು ಇಟ್ಟು ಅದನ್ನು ನಡೆಸುತ್ತಿದೆ. ಮಾತಾಡುವವರು ಯಾರು ಎಂಬುದು ಎರಡನೆಯ ಕವಲು. 1832ರ ಸುಧಾರಣಾ ಕಾಯಿದೆಯಿಂದ ಕ್ಷೇತ್ರಗಳು ಬದಲಾದವು, ಕಾಮನ್ಸ್ ಸಭೆಗೆ ಹೊಸ ಮುಖಗಳು ಬಂದವು. ಗುರುತು ಹಿಡಿಯಲು ಜನಕ್ಕೆ ಕೈಪಿಡಿ ಬೇಕಾಯಿತು. ಟೈಮ್ಸ್ ಪತ್ರಿಕೆಗೆ ಸಂಸತ್ತಿನ ವರದಿ ನೋಡಿಕೊಳ್ಳುತ್ತಿದ್ದ ಐರಿಷ್ ಪತ್ರಕರ್ತ ಚಾರ್ಲ್ಸ್ ಡಾಡ್ ಆಗ ಕಿಸೆಯಲ್ಲಿ ಇಟ್ಟುಕೊಳ್ಳುವಂಥ ಪುಸ್ತಕ ತಂದರು. ನಿಮ್ಮ ರಾಜಕೀಯ ನಿಲುವೇನು ಎಂದು ಸದಸ್ಯರನ್ನೇ ವಿಚಾರಿಸಿ ಬರೆದದ್ದು ಅದರ ಹೆಚ್ಚುಗಾರಿಕೆ. ಅದೇ ಕಾಲಕ್ಕೆ ವ್ಯಾಚರ್ ಎಂಬ ಇನ್ನೊಂದು ಕೈಪಿಡಿಯೂ ಹುಟ್ಟಿತು. ಮುಂದೆ ಎರಡೂ ಒಂದೇ ಮನೆ ಸೇರಿದವು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಹ್ಯಾನ್ಸಾರ್ಡ್ ಅಂತರ್ಜಾಲಕ್ಕೆ ಬಂದಿತು. ಈಗ ಆಡಿದ ಮಾತು ಸುಮಾರು ಮೂರು ಗಂಟೆಯಲ್ಲಿ ಅಲ್ಲಿ ಓದಲು ಸಿಗುತ್ತದೆ. ದಾಖಲೆ ಎಲ್ಲರಿಗೂ ಪುಕ್ಕಟೆಯಾದ ಮೇಲೆ ಅದನ್ನು ಮಾರುವುದು ಹೇಗೆ? ಬೆಲೆ ಇದ್ದದ್ದು ಆಯ್ಕೆಗೆ ಮತ್ತು ವೇಗಕ್ಕೆ. 1998ರಲ್ಲಿ ಡಿ ಹ್ಯಾವಿಲಂಡ್ ಎಂಬ ಕಂಪನಿ ಈ ಕಸುಬಿಗೇ ಹುಟ್ಟಿಕೊಂಡಿತು. ಅದನ್ನು ಕಟ್ಟಿದ ಆ್ಯಡಮ್ ಅಫ್ರಿಯೆ 2005ರಲ್ಲಿ ವಿಂಡ್ಸರ್ ಕ್ಷೇತ್ರದಿಂದ ಗೆದ್ದು ಸ್ವತಃ ಒಳಗೆ ಹೋಗಿ ಕೂತರು. ಡಾಡ್ಸ್ ಕೈಪಿಡಿಯ ಮನೆಯೂ ಇದೇ ವ್ಯಾಪಾರಕ್ಕಿಳಿಯಿತು. ಅದರ ಒಡೆತನದ ಕಂಪನಿ 2021ರಲ್ಲಿ ಮೆರಿಟ್ ಗ್ರೂಪ್ ಎಂದು ಹೆಸರು ಬದಲಿಸಿಕೊಂಡು, ಮರುವರ್ಷ ರಾಜಕೀಯ ಮಾಹಿತಿಯ ವಿಭಾಗವನ್ನೇ ಮಾರಿತು.

ಇನ್ನು ಪದಕ್ಕೆ ಬರೋಣ. ಲ್ಯಾಟಿನ್ನಿನಲ್ಲಿ ‘ಮಾನಿಟರ್’ ಎಂದರೆ ಎಚ್ಚರಿಸುವವನು, ನೆನಪಿಸುವವನು. ನೋಡುವವನಲ್ಲ. ತರಗತಿಯ ಮಾನಿಟರನನ್ನು ನೆನಪಿಸಿಕೊಳ್ಳಿ. ಅವನು ನೋಡುತ್ತಿದ್ದುದಕ್ಕೆ ಯಾರೂ ಹೆದರಲಿಲ್ಲ, ಹಲಗೆಯ ಮೇಲೆ ಹೆಸರು ಬರೆದು ಮೇಷ್ಟರಿಗೆ ಹೇಳುತ್ತಿದ್ದುದಕ್ಕೆ ಹೆದರಿದೆವು. ನಮ್ಮ ಉಡಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಕನ್ನಡಿಗರು ಉಡದಲ್ಲಿ ಕಂಡದ್ದು ಮಾತ್ರ ಅದರ ಪಟ್ಟು. 1939ರಲ್ಲಿ ಶುರುವಾದ ಬಿಬಿಸಿ ಮಾನಿಟರಿಂಗ್ ವಿಭಾಗದ ಕೆಲಸವೂ ಪರದೇಶದ ಬಾನುಲಿಯನ್ನು ಆಲಿಸಿ, ಭಾಷಾಂತರಿಸಿ, ಸಾರ ತಲುಪಿಸುವುದಾಗಿತ್ತು. ಅಲ್ಲೂ ಕಿವಿಯ ಹಿಂದೆಯೇ ಬಾಯಿ.

ಕಾಣುವುದು ಮತ್ತು ತಿಳಿಸುವುದು ಎರಡೂ ಕೂಡಿದ ಕನ್ನಡ ಪದ ನನಗೆ ನೆನಪಾದದ್ದು ಒಂದೇ, ‘ಬೇಹು’. ಅರ್ಥ ಚೆನ್ನಾಗಿ ಕೂಡುತ್ತದೆ, ಮರ್ಯಾದೆ ಹೋಗುತ್ತದೆ. ಗುಟ್ಟೇ ಅದರ ಜೀವ, ಈ ಕಂಪನಿಗಳೋ ಓದುವುದೆಲ್ಲ ಬಹಿರಂಗ ದಾಖಲೆ. ‘ಹರಿಕಾರ’ನೂ ಒಂದು ಕಾಲಕ್ಕೆ ಸುದ್ದಿ ಹೊತ್ತು ತರುವವನೇ ಆಗಿದ್ದ, ಈಗ ಬಡ್ತಿ ಪಡೆದು ಕ್ರಾಂತಿಗಳಿಗೆಲ್ಲ ನಾಂದಿ ಹಾಡುತ್ತಿದ್ದಾನೆ. ಅವನನ್ನು ಹಳೆಯ ಕೆಲಸಕ್ಕೆ ಕರೆಯುವಂತಿಲ್ಲ.

ಸದ್ಯಕ್ಕೆ ನಾನು ಮಾಡಿರುವುದು ಇಷ್ಟು. ‘ಸಂಸತ್’ ಬಿಟ್ಟು ‘ಕಲಾಪ’ ಹಿಡಿದಿದ್ದೇನೆ, ಏಕೆಂದರೆ ಇವರು ಹಿಂಬಾಲಿಸುವುದು ಸಭೆಯನ್ನಲ್ಲ, ಅದರ ನಡವಳಿಯನ್ನು. ಮೊದಲ ಸಲ ‘ಸಂಸತ್ತಿನ ಕಲಾಪವನ್ನು ದಿನದಿನವೂ ಗಮನಿಸಿ ಚಂದಾದಾರರಿಗೆ ತಿಳಿಸುವ ಕಂಪನಿ’ ಎಂದು ಉದ್ದಕ್ಕೆ ಬಿಡಿಸಿ, ಆಮೇಲೆ ‘ಕಲಾಪ ಗಮನಿಕೆ’ ಎಂದು ಗಂಟು ಹಾಕಿದ್ದೇನೆ. ಗಮನಿಕೆಯಲ್ಲೂ ತಿಳಿಸುವ ಅಂಶ ಇಲ್ಲ ಎಂಬುದು ಗೊತ್ತು. ಆದರೆ ಅದು ಮೇಲ್ವಿಚಾರಣೆಯ ಹಾಗೆ ಸುಳ್ಳು ಹೇಳುವುದಿಲ್ಲ, ನಿಗಾದ ಹಾಗೆ ನಗಿಸುವುದೂ ಇಲ್ಲ. ‘ಕಂಪನಿ’ಯನ್ನು ‘ಸಂಸ್ಥೆ’ ಮಾಡಲು ಮನಸ್ಸಿಲ್ಲ. ಸಂಸ್ಥೆ ಎಂದೊಡನೆ ಲಾಭದ ಲೆಕ್ಕ ಮರೆಯಾಗುತ್ತದೆ, ಈ ಚರಿತ್ರೆಯಲ್ಲಿ ಲಾಭವೇ ಅರ್ಧ ಕಥೆ.

‘ಪೊಲಿಟಿಕಲ್ ರಿಸರ್ಚ್’ ಇನ್ನೂ ಹಾಗೇ ಉಳಿದಿದೆ. ‘ಸಂಶೋಧನೆ’ ಎಂದರೆ ನಮ್ಮಲ್ಲಿ ಶಾಸನ, ತಾಳೆಗರಿ, ಪಿಎಚ್.ಡಿ. ಇಲ್ಲಿ ಆಗುವುದು ಹುಡುಕಿ ಹೊಂದಿಸಿಡುವ ಕೆಲಸ. ‘ರಾಜಕೀಯ ಮಾಹಿತಿ ಸಂಗ್ರಹ’ ಎಂದರೆ ತೀರಾ ಗುಮಾಸ್ತಿಕೆಯಾಯಿತೇ?

ಎರಡು ಪ್ರಶ್ನೆಗಳು. ‘ಗಮನಿಕೆ’ಯನ್ನು ನಾಮಪದವಾಗಿ ಅಚ್ಚಿನಲ್ಲಿ ಯಾರಾದರೂ ಕಂಡಿದ್ದೀರಾ, ಕಂಡಿದ್ದರೆ ಯಾವ ಅರ್ಥದಲ್ಲಿ? ಇನ್ನೊಂದು, ಕಂಡು ಬಂದು ಹೇಳುವುದನ್ನೇ ಕಸುಬಾಗಿ ಹೊಂದಿದ್ದ, ಬೇಹಿನ ಕಳಂಕ ತಟ್ಟದ ಯಾವುದಾದರೂ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ? ಹೊಲ ಕಾಯುವವರದಾದರೂ ಸರಿ, ಕೆರೆಯ ನೀರಿನ ಮಟ್ಟ ನೋಡಿ ಬಂದು ತಿಳಿಸುವವರದಾದರೂ ಸರಿ.