ಪದಚರ್ಚೆ: ನಕಲಿ ಬಿಲ್ಲಿನ ‘ನಕಲು’, ಏನೂ ಕಾಣೆಯಾಗದ ‘ಕಳವು’

ಎಲ್ಲರಿಗೂ ನಮಸ್ಕಾರ.

ಕಂಪನಿಗಳಲ್ಲಿ ನಡೆಯುವ ಲೆಕ್ಕದ ಮೋಸ, ಕಸುಬಿನ ಗುಟ್ಟುಗಳ ಕಳವು ಇವುಗಳನ್ನು ಕಂಪ್ಯೂಟರಿನೊಳಗೆ ಹುಡುಕಿ ಹಿಡಿಯುವ ಕೆಲಸ ಇದೆಯಲ್ಲ, ಅದರ ಬಗ್ಗೆ ಒಂದು ಸಣ್ಣ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಸಣ್ಣ ಕಾರ್ಖಾನೆ ನಡೆಸುವವರು, ಲೆಕ್ಕ ಬರೆಯುವವರು, ತಾಲ್ಲೂಕು ಕೋರ್ಟಿನ ವಕೀಲರು ಓದಲಿ ಎಂಬುದು ಆಸೆ. ಪದಗಳೇ ಇಲ್ಲ ಅನ್ನುವುದು ನನ್ನ ತೊಂದರೆಯಲ್ಲ. ಇರುವ ಪದಗಳು ಓದುವವರನ್ನು ಬೇರೆ ಕಡೆಗೆ ಕರೆದುಕೊಂಡು ಹೋಗುತ್ತಿವೆ. ಮುಖ್ಯವಾಗಿ ಎರಡು: ನಕಲು ಮತ್ತು ಕಳವು.

ಅದಕ್ಕೂ ಮೊದಲು ಕೆಲಸದ ಹೆಸರನ್ನೇ ನೋಡಿ. ಬೆಂಗಳೂರಿನ ಮಡಿವಾಳದಲ್ಲಿರುವ, ಅಪರಾಧದ ಪುರಾವೆ ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯಕ್ಕೆ ಪತ್ರಿಕೆಗಳಲ್ಲಿ ‘ವಿಧಿವಿಜ್ಞಾನ ಪ್ರಯೋಗಾಲಯ’ ಅಂತ ಬರುತ್ತದೆ. ‘ವಿಧಿ’ ಅಂದರೆ ಕಾನೂನು ಎಂಬ ಅರ್ಥ ಇಲ್ಲಿದೆ. ಸಂವಿಧಾನದ 370ನೇ ವಿಧಿ ಅನ್ನುತ್ತೇವಲ್ಲ, ಹಾಗೆ. ಆದರೆ ಮನೆಮಾತಿನಲ್ಲಿ ವಿಧಿ ಎಂದರೆ ಹಣೆಬರಹ. ಯಾರಾದರೂ ತೀರಿಕೊಂಡರೆ ‘ವಿಧಿವಶರಾದರು’ ಎಂದು ಬರೆಯುತ್ತಾರೆ. ಇಂಗ್ಲಿಷಿನ ಫೊರೆನ್ಸಿಕ್ ಬಂದಿರುವುದು ಲ್ಯಾಟಿನ್ನಿನ ಫೋರಮ್‌ನಿಂದ. ಅಂದರೆ ಸಂತೆ ನಡೆಯುವ, ನ್ಯಾಯ ಹೇಳುವ ಬಯಲು. ‘ನಾಲ್ಕು ಜನರ ಮುಂದೆ ನಿಲ್ಲುವಂಥ ಪುರಾವೆ’ ಎಂಬ ಭಾವ ಅದರಲ್ಲಿದೆ. ನಾನು ಸದ್ಯಕ್ಕೆ ‘ಕಂಪ್ಯೂಟರ್ ಪುರಾವೆ ಪರೀಕ್ಷೆ’ ಎಂದು ಬರೆದುಕೊಂಡಿದ್ದೇನೆ. ಇದರ ಬಗ್ಗೆ ನನಗೆ ಜಾಸ್ತಿ ತಕರಾರಿಲ್ಲ. ಒಳ್ಳೆಯದು ಹೊಳೆದರೆ ಹೇಳಿ.

ಈಗ ನಕಲಿಗೆ ಬರುತ್ತೇನೆ.

ಕೈಪಿಡಿಯ ಮೊದಲ ಉದಾಹರಣೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಪ್ರಕರಣ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಆಮೇಲೆ ತನಿಖೆಯಲ್ಲಿ ಹೊರಬಂದ ಒಂದು ವಿವರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಬಿಲ್ಲು ತಯಾರಿಸುವ ತಂತ್ರಾಂಶಕ್ಕೆ ‘ಸೂಪರ್ ಯೂಸರ್’ ಎಂಬ ಹೆಸರಿನಲ್ಲಿ ಒಳಗೆ ಬಂದು, ಇಲ್ಲದ ಕೆಲಸಕ್ಕೆ ಬಿಲ್ಲು ಹುಟ್ಟಿಸುತ್ತಿದ್ದರು. ಪ್ರತಿ ಬಿಲ್ಲಿಗೂ ಒಂದು ಅಕ್ಷರದ ಗುರುತು. ‘ಎಸ್’ ಇದ್ದರೆ ಎಲ್ಲರಿಗೂ ಕಾಣುತ್ತದೆ. ‘ಎಚ್’ ಇದ್ದರೆ ಅಡಗಿರುತ್ತದೆ. ಹಾಗೆ ಅಡಗಿಸಿಟ್ಟ ಬಿಲ್ಲುಗಳು 7,561. ಮೊತ್ತ ಸುಮಾರು 5,117 ಕೋಟಿ ರೂಪಾಯಿ. ಕಾಗದದ ಕಡತದಲ್ಲಾದರೆ ಇಷ್ಟು ಬಿಲ್ಲು ಅಡಗಿಸಲು ಒಂದು ಕೋಣೆಯಾದರೂ ಬೇಕಿತ್ತು. ಇಲ್ಲಿ ಒಂದೇ ಅಕ್ಷರ ಸಾಕಾಯಿತು. 2015ರ ಏಪ್ರಿಲ್‌ನಲ್ಲಿ ಹತ್ತು ಜನರಿಗೆ ಏಳು ವರ್ಷ ಶಿಕ್ಷೆಯಾಯಿತು.

ಇಂಥ ಪ್ರಕರಣದಲ್ಲಿ ಪುರಾವೆ ಹೇಗೆ ತೆಗೆಯುತ್ತಾರೆ ಎಂದು ವಿವರಿಸುವಾಗ ನಾನು ಹೀಗೆ ಬರೆದೆ: ‘ಮೊದಲು ನಕಲಿ ಬಿಲ್ಲುಗಳಿರುವ ಡಿಸ್ಕಿನ ನಕಲು ತೆಗೆಯಬೇಕು. ಅಸಲು ಮುಟ್ಟದೆ ನಕಲಿನ ಮೇಲೆ ಪರೀಕ್ಷೆ ಮಾಡಬೇಕು.’ ನಮ್ಮ ಭಾವ ಶಿರಸಿಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರಿಗೆ ಓದಿ ಹೇಳಿದೆ. ‘ನಕಲಿ ಮೇಲೆ ಪರೀಕ್ಷೆ ಮಾಡಿದ್ರೆ ಕೋರ್ಟು ಒಪ್ಪುತ್ತಾ? ಅಸಲು ಮುಟ್ಟಬಾರದು ಅಂದ್ರೆ ಬಡ್ಡಿ ಮಾತ್ರ ನೋಡೋದಾ?’ ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಲೆಕ್ಕದವರಿಗೆ ಅಸಲು ಎಂದರೆ ಸಾಲದ ಮೂಲ ಹಣ. ನಕಲು ಎಂದರೆ ಪ್ರತಿ, ನಕಲಿ ಎಂದರೆ ಖೋಟಾ. ಒಂದು ಗುಡಿಸು ಹೆಚ್ಚು ಕಡಿಮೆಯಾದರೆ ಪುರಾವೆಯೇ ಸುಳ್ಳಾಗಿಬಿಡುತ್ತದೆ. ಜೊತೆಗೆ ಪರೀಕ್ಷೆಯಲ್ಲಿ ನಕಲು ಹೊಡೆಯುವುದು ಬೇರೆ ಇದೆ. ಕೋರ್ಟಿನಲ್ಲಿ ‘ದೃಢೀಕೃತ ನಕಲು’ ನಡೆಯುತ್ತದೆ, ನಿಜ. ಆದರೆ ಮೋಸದ ಬಗ್ಗೆಯೇ ಬರೆದ ಪುಟದಲ್ಲಿ ಈ ಪದ ಇಟ್ಟರೆ ಗೊಂದಲ ತಪ್ಪುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಇದು ಕಡತವನ್ನು ಎಳೆದು ಪೆನ್‌ಡ್ರೈವಿಗೆ ಹಾಕಿದಂಥ ಪ್ರತಿಯಲ್ಲ. ಡಿಸ್ಕಿನ ಮೊದಲ ಬಿಟ್‌ನಿಂದ (ಬಿಟ್ ಅಂದರೆ ಮಾಹಿತಿಯ ಅತಿ ಸಣ್ಣ ತುಣುಕು) ಕೊನೆಯ ಬಿಟ್‌ವರೆಗೆ ತೆಗೆದ ಪ್ರತಿ. ಖಾಲಿ ಎಂದು ತೋರಿಸುವ ಜಾಗವೂ, ಅಳಿಸಿದ ಕಡತದ ಚೂರುಗಳೂ ಅದರಲ್ಲಿ ಬರುತ್ತವೆ. ಡಿಸ್ಕಿಗೆ ಹೊಸದಾಗಿ ಏನೂ ಬರೆಯದಂತೆ ತಡೆಯುವ ಸಾಧನವನ್ನು ನಡುವೆ ಇಡುತ್ತಾರೆ. ಏಕೆಂದರೆ ಕಂಪ್ಯೂಟರನ್ನು ಸುಮ್ನೆ ಒಮ್ಮೆ ಆನ್ ಮಾಡಿದರೂ ಎಷ್ಟೋ ಕಡತಗಳ ದಿನಾಂಕ, ಸಮಯ ಬದಲಾಗಿಬಿಡುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಇಮೇಜ್’ ಎನ್ನುತ್ತಾರೆ. ಒಬ್ಬರು ‘ಪ್ರತಿಬಿಂಬ’ ಎಂದರು. ಆದರೆ ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಮುಖ ಸರಿದರೆ ಬಿಂಬವೂ ಹೋಗುತ್ತದೆ. ನನಗೆ ಒಪ್ಪಿಗೆಯಾಗಲಿಲ್ಲ.

ಕೊನೆಗೆ ಹೊಳೆದದ್ದು ‘ಪಡಿಯಚ್ಚು’. ‘ಮಗು ಅಪ್ಪನ ಪಡಿಯಚ್ಚು’ ಎನ್ನುತ್ತೇವಲ್ಲ. ಮಗು ಬೇರೆ, ಅಪ್ಪ ಬೇರೆ, ಆದರೆ ಹೋಲಿಕೆ ಪೂರ್ತಿ. ಖೋಟಾ ಎಂಬ ವಾಸನೆ ಆ ಪದದಲ್ಲಿ ಇಲ್ಲ. ‘ಮೂಲ ಡಿಸ್ಕು ಮುಟ್ಟಬೇಡಿ, ಪಡಿಯಚ್ಚಿನ ಮೇಲೆ ಕೆಲಸ ಮಾಡಿ.’ ಭಾವನವರಿಗೆ ಈ ವಾಕ್ಯ ಕೂಡಲೇ ತಿಳಿಯಿತು.

ಪಡಿಯಚ್ಚು ಮೂಲಕ್ಕೆ ಸರಿಹೊಂದುತ್ತದೆ ಎಂದು ತೋರಿಸಲು ಹ್ಯಾಶ್ ಸಂಖ್ಯೆ ಬೇಕು. ಡಿಸ್ಕಿನಲ್ಲಿರುವುದನ್ನೆಲ್ಲ ಒಂದು ಸೂತ್ರಕ್ಕೆ ಹಾಕಿದಾಗ ಬರುವ ಗುರುತು ಅದು. ಶಾ-256 ವಿಧಾನದಲ್ಲಿ ಅದು ಅಂಕಿ, ಅಕ್ಷರ ಸೇರಿ 64ರ ಸಾಲು. ಡಿಸ್ಕಿನಲ್ಲಿ ಒಂದು ಕಾಮಾ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಕಂಪ್ಯೂಟರ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲೇ ಈ ಸಂಖ್ಯೆ ಬರೆಯಬೇಕು. ಅಂದರೆ ಈ ಪದ ಇನ್ನು ಮುಂದೆ ತಾಲ್ಲೂಕು ಕೋರ್ಟಿಗೂ ಬರುತ್ತದೆ. ‘ಡಿಜಿಟಲ್ ಬೆರಳಚ್ಚು’ ಎಂದು ಕೆಲವರು ಬರೆಯುತ್ತಾರೆ. ಆದರೆ ನಮ್ಮಲ್ಲಿ ಬೆರಳಚ್ಚು ಎಂದರೆ ಟೈಪಿಂಗ್ ಕೂಡ. ಕೋರ್ಟಿನ ಅಂಗಳದಲ್ಲೇ ಬೆರಳಚ್ಚುಗಾರರು ಕೂತಿರುತ್ತಾರೆ! ಲೆಕ್ಕದವರು ಕಿರ್ದಿಗೂ ಖಾತೆಗೂ ತಾಳೆ ನೋಡುತ್ತಾರೆ. ಅದರಿಂದ ‘ತಾಳೆಗುರುತು’ ಎಂದು ಮಾಡಿದ್ದೇನೆ. ಎರಡರ ತಾಳೆಗುರುತು ಒಂದೇ ಆದರೆ ಪಡಿಯಚ್ಚು ಸರಿ.

ಇನ್ನು ಕಳವು. ಇಲ್ಲಿ ನಾನು ನಿಜವಾಗಿ ಸಿಕ್ಕಿಕೊಂಡಿದ್ದೇನೆ.

ಉದಾಹರಣೆಗೆ ತೆಗೆದುಕೊಂಡದ್ದು ಅಮೆರಿಕದ ವೇಮೊ (ಗೂಗಲ್ ಬಳಗದ, ಚಾಲಕನಿಲ್ಲದ ಕಾರಿನ ಕಂಪನಿ) ಮತ್ತು ಊಬರ್ ಮೊಕದ್ದಮೆ. ಗೂಗಲ್‌ನಲ್ಲಿ ಚಾಲಕನಿಲ್ಲದ ಕಾರಿನ ಕೆಲಸದಲ್ಲಿದ್ದ ಎಂಜಿನಿಯರ್ ಆಂಟನಿ ಲೆವಂಡೋಸ್ಕಿ 2016ರ ಜನವರಿಯಲ್ಲಿ ಕೆಲಸ ಬಿಟ್ಟರು. ಅವರು ಕಟ್ಟಿದ ಹೊಸ ಕಂಪನಿಯನ್ನು ಅದೇ ವರ್ಷ ಊಬರ್ ಕೊಂಡಿತು. 2017ರ ಫೆಬ್ರವರಿಯಲ್ಲಿ ವೇಮೊ ಕೋರ್ಟಿಗೆ ಹೋಯಿತು. ವೇಮೊ ಹೇಳಿದ್ದು ಹೀಗೆ: ಕೆಲಸ ಬಿಡುವ ಮುಂಚಿನ ತಿಂಗಳು ಅವರು 14,000ಕ್ಕೂ ಹೆಚ್ಚು ಕಡತಗಳನ್ನು ಇಳಿಸಿಕೊಂಡರು, ಒಟ್ಟು 9.7 ಗಿಗಾಬೈಟ್. ಲ್ಯಾಪ್‌ಟಾಪಿಗೆ ಎಂಟು ಗಂಟೆ ಹೊತ್ತು ಮೆಮೊರಿ ಕಾರ್ಡ್ ಹಾಕುವ ಒಂದು ಕಾರ್ಡ್ ರೀಡರ್ ಸಿಕ್ಕಿಸಿದ್ದರು. ಆಮೇಲೆ ಲ್ಯಾಪ್‌ಟಾಪನ್ನು ಪೂರ್ತಿ ಒರೆಸಿದರು. ಇಷ್ಟೆಲ್ಲ ತಿಳಿದದ್ದು ಉಳಿದುಕೊಂಡ ದಾಖಲೆಗಳ ಜಾಡಿನಿಂದ. 2018ರ ಫೆಬ್ರವರಿಯಲ್ಲಿ ಊಬರ್ ರಾಜಿ ಮಾಡಿಕೊಂಡು ತನ್ನ ಷೇರಿನ ಒಂದು ಪಾಲು ಕೊಟ್ಟಿತು. ಅದರ ಬೆಲೆ ಸುಮಾರು 24.5 ಕೋಟಿ ಡಾಲರ್. ಎಂಜಿನಿಯರ್ ಮೇಲೆ 33 ಆರೋಪಗಳಿದ್ದವು. ಅವರು ಒಪ್ಪಿಕೊಂಡದ್ದು ಒಂದನ್ನು. 2020ರ ಆಗಸ್ಟ್‌ನಲ್ಲಿ 18 ತಿಂಗಳ ಶಿಕ್ಷೆಯಾಯಿತು, 2021ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು.

ಈಗ ಹೇಳಿ. ಗೂಗಲ್‌ನ ಸರ್ವರಿನಿಂದ ಒಂದು ಕಡತವೂ ಕಾಣೆಯಾಗಿರಲಿಲ್ಲ. ಹಾಗಿದ್ದರೆ ‘ಕಳವಾಯಿತು’ ಎನ್ನಬಹುದಾ? ಒಡವೆ ಕಳವಾಯಿತು ಎಂದರೆ ಪೆಟ್ಟಿಗೆ ಖಾಲಿ. ಎಮ್ಮೆ ಕಳವಾದರೆ ಕೊಟ್ಟಿಗೆ ಖಾಲಿ. ಓದುವವರು ‘ಕಡತ ಅಲ್ಲೇ ಇದೆಯಲ್ಲ, ಕಳ್ಳತನ ಎಲ್ಲಿ?’ ಎಂದು ಕೇಳುತ್ತಾರೆ. ಸಣ್ಣ ಕಾರ್ಖಾನೆಗಳ ಎಷ್ಟೋ ಯಜಮಾನರೂ ಹೀಗೇ ಯೋಚಿಸಿ ಸುಮ್ಮನಾಗುತ್ತಾರೆ. ಅವರ ನಕ್ಷೆ ಹೊರಗೆ ಹೋಗಿದ್ದು ತಿಳಿಯುವ ಹೊತ್ತಿಗೆ ಪಕ್ಕದ ಶೆಡ್ಡಿನಲ್ಲಿ ಅದೇ ಬಿಡಿಭಾಗ ತಯಾರಾಗುತ್ತಿರುತ್ತದೆ. ‘ಮಾಹಿತಿ ಸೋರಿಕೆ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಸೋರುವುದು ತಾನಾಗಿ ಆಗುವುದು. ಇಲ್ಲಿ ಯಾರೋ ಕೈ ಹಾಕಿದ್ದಾರೆ.

ಯೋಚಿಸುತ್ತಾ ಹೋದಾಗ ಕನ್ನಡದಲ್ಲೇ ಉತ್ತರ ಇದೆ ಅನ್ನಿಸಿತು. ನಾವು ‘ಕದ್ದು ಕೇಳಿದ’, ‘ಕದ್ದು ನೋಡಿದ’ ಎನ್ನುತ್ತೇವೆ. ಕದ್ದು ಕೇಳಿದರೆ ಮಾತು ಆಡಿದವರಿಂದ ಏನೂ ಕಳೆದುಹೋಗುವುದಿಲ್ಲ. ಆದರೂ ಅದು ತಪ್ಪು ಎಂದು ಮಕ್ಕಳಿಗೂ ಗೊತ್ತು. ಹಳಗನ್ನಡದ ‘ಕಳ್’ ಧಾತುವಿನಿಂದ ಕಳ್ದು, ಅದರಿಂದ ಕದ್ದು. ಬಸವಣ್ಣನವರ ‘ಕಳಬೇಡ’ದಲ್ಲಿ ಇರುವುದೂ ಇದೇ ಕಳ್. ಕಳ್ಳನೋಟ, ಕಳ್ಳದಾರಿ, ಕಳ್ಳಲೆಕ್ಕ ಇವುಗಳಲ್ಲೂ ವಸ್ತು ಹೋಗುವ ಅರ್ಥಕ್ಕಿಂತ ಮರೆಯಲ್ಲಿ ಮಾಡುವ ಅರ್ಥವೇ ಮುಂದಿದೆ. ಅದಕ್ಕೇ ‘ಕಡತ ಕದ್ದರು’ ಬದಲು ‘ಕಡತಗಳನ್ನು ಕದ್ದು ಇಳಿಸಿಕೊಂಡರು’ ಎಂದು ಬರೆದೆ. ವಾಕ್ಯ ತಾನಾಗಿ ನಿಂತಿತು. ನಾಮಪದ ಬೇಕಾದಲ್ಲಿ ಏನು ಮಾಡುವುದು ಎಂದು ಮಾತ್ರ ತಿಳಿಯುತ್ತಿಲ್ಲ. ‘ಗುಟ್ಟುಗಳವು’ ಎಂದು ಜೋಡಿಸಿ ನೋಡಿದೆ, ದನಗಳವಿನ ಹಾಗೆ. ಕಿವಿಗೆ ಒರಟು.

‘ಗುಟ್ಟು’ ಎಂಬುದೂ ಸರಿಯೇ? ಇಂಗ್ಲಿಷಿನ ಟ್ರೇಡ್ ಸೀಕ್ರೆಟ್‌ಗೆ ‘ವ್ಯಾಪಾರ ರಹಸ್ಯ’ ಎಂದರೆ ಬೆಲೆಯ ಗುಟ್ಟು ಮಾತ್ರ ಎನ್ನುವಂತೆ ಕೇಳುತ್ತದೆ. ತಯಾರಿಕೆಯ ಹದ, ಗಿರಾಕಿಗಳ ಪಟ್ಟಿ, ಕೆಟ್ಟುಹೋದ ಪ್ರಯೋಗಗಳ ಟಿಪ್ಪಣಿ ಎಲ್ಲ ಇದರೊಳಗೆ ಸೇರಬೇಕು. ‘ಕಸುಬಿನ ಗುಟ್ಟು’ ನನಗೆ ಹೆಚ್ಚು ಹತ್ತಿರ. ನಮ್ಮ ದೇಶದಲ್ಲಿ ಇದಕ್ಕೆಂದೇ ಬೇರೆ ಕಾಯ್ದೆ ಇನ್ನೂ ಇಲ್ಲ. ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ 289ನೇ ವರದಿಯಲ್ಲಿ ಕರಡು ಕೊಟ್ಟಿದೆ. ಕನ್ನಡದಲ್ಲಿ ಒಂದು ಪದ ನೆಲೆಯಾಗಲು ಇದೇ ಸಮಯ ಅಲ್ವಾ?

ಮೇಲೆ ‘ಒರೆಸಿದರು’ ಎಂದು ಬೇಕೆಂದೇ ಬರೆದೆ. ಕಡತವನ್ನು ಅಳಿಸಿದರೆ ಆ ಜಾಗ ಖಾಲಿ ಎಂದು ಗುರುತು ಬೀಳುತ್ತದೆ ಅಷ್ಟೇ, ಒಳಗಿನದು ಇದ್ದೇ ಇರುತ್ತದೆ. ಅದರ ಮೇಲೆ ಬೇರೆ ಬರೆದರೆ ಮಾತ್ರ ಹೋಗುತ್ತದೆ. ಮೊದಲನೆಯದಕ್ಕೆ ಅಳಿಸು, ಎರಡನೆಯದಕ್ಕೆ ಒರೆಸು ಎಂದು ಪಾಲು ಮಾಡಿದ್ದೇನೆ. ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿದವರಿಗೆ ಇದು ಬೇಗ ತಿಳಿಯಬಹುದು. ಆದರೆ ಈಗಿನ ಎಸ್‌ಎಸ್‌ಡಿಗಳು (ತಿರುಗುವ ತಟ್ಟೆಯ ಬದಲು ಚಿಪ್ ಇರುವ ಡಿಸ್ಕುಗಳು) ಅಳಿಸಿದ ಜಾಗವನ್ನು ಸಾಮಾನ್ಯವಾಗಿ ತಾವೇ ತೆರವು ಮಾಡಿಬಿಡುತ್ತವೆ. ಅಲ್ಲಿ ಈ ಪಾಲು ನಿಲ್ಲುವುದಿಲ್ಲ.

ಪುರಾವೆಯಾಗಿ ಹಿಡಿದ ಲ್ಯಾಪ್‌ಟಾಪು ಯಾರ ಕೈಯಿಂದ ಯಾರ ಕೈಗೆ, ಯಾವಾಗ ಹೋಯಿತು ಎಂಬ ಪಟ್ಟಿಗೆ ಹೊಸ ಪದ ಬೇಡ ಅನ್ನಿಸುತ್ತದೆ. ಠಾಣೆಯಲ್ಲಿ ಮಹಜರು, ಮುದ್ದೆಮಾಲು (ವಶಪಡಿಸಿಕೊಂಡ ವಸ್ತು), ಸುಪರ್ದಿ (ವಶಕ್ಕೆ ಒಪ್ಪಿಸುವುದು) ಎಂಬ ಪದಗಳು ಆಗಲೇ ಇವೆ. ‘ಸುಪರ್ದಿ ಪಟ್ಟಿ’ ಎಂದರೆ ಪೊಲೀಸರಿಗೂ ವಕೀಲರಿಗೂ ತಿಳಿಯುತ್ತದೆ.

ನಿಮ್ಮಿಂದ ಬೇಕಾದದ್ದು ಇಷ್ಟು. ‘ಪಡಿಯಚ್ಚು’ ನಿಮ್ಮ ಕಡೆ ಬೇರೆ ಅರ್ಥದಲ್ಲಿ ಬಳಕೆಯಲ್ಲಿದೆಯೇ? ಕರಾವಳಿಯವರು, ಬೀದರ್ ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ‘ಕದ್ದು ಇಳಿಸಿಕೊಳ್ಳುವುದು’ ಎಂಬುದಕ್ಕೆ ಒಂದೇ ಪದದ ನಾಮಪದ ಯಾರಿಗಾದರೂ ಹೊಳೆಯುತ್ತದೆಯೇ? ಕೋರ್ಟಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ಹೊಸ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಖ್ಯೆಗೆ ಕನ್ನಡದಲ್ಲಿ ಏನೆಂದು ಬರೆಯುತ್ತಿದ್ದೀರಿ ಎಂದು ತಿಳಿಸಿ. ನನ್ನ ‘ತಾಳೆಗುರುತು’ಗಿಂತ ಅದೇ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳುತ್ತೇನೆ.