ಸಹಾಯ ಬೇಕು: ವರ್ಚುವಲ್ ಮಷಿನ್‌ನಲ್ಲಿ ಕ್ರ್ಯಾಶ್ ಡಂಪ್ ಸಿಗ್ತಾ ಇಲ್ಲ

ಎಲ್ಲರಿಗೂ ನಮಸ್ಕಾರ. ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಮಷಿನ್ ಓಡಿಸುವ ವ್ಯವಸ್ಥೆ) ಮೇಲಿರುವ ನನ್ನ ಲಿನಕ್ಸ್ ಗೆಸ್ಟ್, ಅಂದರೆ ವರ್ಚುವಲ್ ಮಷಿನ್, ವಾರಕ್ಕೆ ಎರಡು ಸಲವಾದರೂ ಕರ್ನಲ್ ಪ್ಯಾನಿಕ್ ಆಗುತ್ತಿದೆ (ಓಎಸ್‌ನ ತಿರುಳಾದ ಕರ್ನಲ್ಲೇ ಕುಸಿದು ನಿಲ್ಲುತ್ತಿದೆ). ಲಾಗ್‌ನಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಕೆಡಂಪ್ ಹಾಕಿದೆ; ಕರ್ನಲ್ ಬಿದ್ದಾಗ ಅದು ಎರಡನೇ ಕರ್ನಲ್ (ಕ್ರ್ಯಾಶ್ ಕರ್ನಲ್) ಶುರುಮಾಡಿ ಮೆಮೊರಿಯ ನಕಲನ್ನು, ಅಂದರೆ ಕ್ರ್ಯಾಶ್ ಡಂಪ್ ಅನ್ನು, ಉಳಿಸಬೇಕು. ಕ್ರ್ಯಾಶ್ ಕರ್ನಲ್‌ಗೆ 256 ಎಂಬಿ ಮೆಮೊರಿ ಮೀಸಲಿಟ್ಟಿದ್ದೇನೆ, ಸರ್ವಿಸ್ ಕೂಡ ಓಡುತ್ತಿದೆ.

ಪರೀಕ್ಷೆಗೆ ಅಂತ ಸಿಸ್‌ಆರ್‌ಕ್ಯೂ ಟ್ರಿಗರ್‌ಗೆ (ಕರ್ನಲ್‌ಗೆ ನೇರ ಆದೇಶ ಕೊಡುವ ಫೈಲ್) ‘ಸಿ’ ಬರೆದು ನಾನೇ ಬೀಳಿಸಿದೆ. ಎರಡನೇ ಕರ್ನಲ್ ಶುರುವಾಯಿತು. ಸೀರಿಯಲ್ ಕನ್ಸೋಲ್‌ನಲ್ಲಿ ಸಾಲುಗಳು ಸರಸರ ಓಡಿದವು, ಆಮೇಲೆ ರೂಟ್ ಡಿಸ್ಕ್‌ಗೆ ಕಾಯುತ್ತಾ ನಿಂತೇಬಿಟ್ಟಿತು. ಡಂಪ್ ಫೋಲ್ಡರ್ ಖಾಲಿ.

ಕೆಡಂಪ್‌ನ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್ ಆಗುವಾಗ ಮೊದಲು ಮೆಮೊರಿಗೆ ಬರುವ ಫೈಲ್‌ಗಳ ಕಟ್ಟು) ವರ್ಚುವಲ್ ಡಿಸ್ಕ್ ಓದಲು ಬೇಕಾದ ವರ್ಟ್‌ಐಒ ಡ್ರೈವರ್ ಸೇರಿಲ್ಲ ಅಂತ ನನ್ನ ಅನುಮಾನ. ಅದನ್ನು ಸೇರಿಸಿ ಮತ್ತೆ ಕಟ್ಟುವುದು ಹೇಗೆ? ಹೋಸ್ಟ್‌ನಿಂದ (ಗೆಸ್ಟ್ ಓಡುವ ಮೂಲ ಯಂತ್ರ) ವರ್ಶ್ ಡಂಪ್ ಅನ್ನೋ ಕಮಾಂಡ್ ಕೊಟ್ಟು ಡಂಪ್ ತೆಗೆಯಬಹುದು, ನಿಜ. ಆದರೆ ನಡುರಾತ್ರಿ ಬಿದ್ದರೆ ತೆಗೆಯೋಕೆ ಯಾರಾದರೂ ಇರಬೇಕಲ್ವಾ? ಪಿವಿಪ್ಯಾನಿಕ್ (ಗೆಸ್ಟ್ ಪ್ಯಾನಿಕ್ ಆದದ್ದನ್ನು ಹೋಸ್ಟ್‌ಗೆ ತಿಳಿಸುವ ವರ್ಚುವಲ್ ಸಾಧನ) ಬಳಸಿ ಡಂಪ್ ತಾನಾಗಿಯೇ ಬರುವಂತೆ ಮಾಡಿದವರಿದ್ದರೆ ದಯವಿಟ್ಟು ನಿಮ್ಮ ಸೆಟ್ಟಿಂಗ್ ತಿಳಿಸಿ.