ಪದಚರ್ಚೆ: ‘ಬೆಂಥೋಸ್’ಗೆ ಕನ್ನಡದಲ್ಲಿ ಏನನ್ನೋಣ? ಫಲಕ ನಾಳೆ ಅಚ್ಚಿಗೆ

ಹಾಸನದಿಂದ:
ಬಳಗಕ್ಕೆ ನಮಸ್ಕಾರ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಅರಬ್ಬಿ ಸಮುದ್ರದ ತಳದ ಜೀವಿಗಳ ಮೇಲೊಂದು ಫಲಕ ಆಗಬೇಕು. ಫ್ಲೆಕ್ಸ್ ಅಂಗಡಿಯವರು ನಾಳೆ ಹನ್ನೊಂದರೊಳಗೆ ಬರಹ ಕೇಳಿದ್ದಾರೆ. ಬೆಂಥೋಸ್ (ನೀರಿನ ತಳದ ಜೀವಿಗಳು), ಇನ್‌ಫೌನಾ (ತಳದ ಮಣ್ಣೊಳಗಿನ ಪ್ರಾಣಿಗಳು), ಎಪಿಫೌನಾ (ತಳದ ಮೇಲಿರುವವು), ಮೇಯೋಫೌನಾ (ತಳದ ಪುಟ್ಟ ಪ್ರಾಣಿಗಳು) ಈ ನಾಲ್ಕಕ್ಕೆ ಪದ ಬೇಕು. ‘ನಿತಲ ಜೀವಿ’ ಎಂದು ಒಂದು ಸೂಚನೆ ಬಂದಿದೆ. ಓದುವವರು ಎಂಟು, ಒಂಬತ್ತನೇ ತರಗತಿಯ ಮಕ್ಕಳು.

ಸಕಲೇಶಪುರದಿಂದ:
‘ನಿತಲ’ ಬೇಡವೇ ಬೇಡ. ಹಿಂದಿ ಪಠ್ಯಗಳ ಪದ ಅದು, ನಮ್ಮ ಮಕ್ಕಳಿಗೆ ಏನೂ ಹೊಳೆಯದು. ‘ಕಡಲಡಿಯುಸಿರಿ’ ಎನ್ನಿ. ‘ಅಡಿ’ ನಮ್ಮದು, ತಮಿಳಲ್ಲೂ ಇದೆ, ತೆಲುಗಿನ ‘ಅಡುಗು’ ಅದರದೇ ಬಳಗ. ‘ತಳ’ ಸಂಸ್ಕೃತದ ‘ತಲ’ದ ತದ್ಭವ. ಅದಕ್ಕೆ ‘ಜೀವಿ’ ಸೇರಿಸಿದರೆ ಅರಿಸಮಾಸ, ಕನ್ನಡ ಸಂಸ್ಕೃತಗಳ ಒಪ್ಪದ ಬೆರಕೆ.

ಚಿಕ್ಕಮಗಳೂರಿನಿಂದ:
ಮೇಷ್ಟ್ರೇ, ಅನ್ನ ತಳ ಹಿಡಿಯಿತು ಎನ್ನುವಾಗ ಯಾರೂ ಸಂಸ್ಕೃತ ಮಾತಾಡುತ್ತಿಲ್ಲ. ‘ತಳಸಮುದಾಯ’ ಪತ್ರಿಕೆಗಳಲ್ಲಿ ದಿನಾ ಬರುತ್ತದೆ, ಅದೂ ಅರಿಸಮಾಸವೇ. ಅದಕ್ಕಿಂತ ದೊಡ್ಡ ತೊಡಕು ನಿಮ್ಮ ‘ಕಡಲು’. ಗ್ರೀಕಿನಲ್ಲಿ ಬೆಂಥೋಸ್ ಎಂದರೆ ಕಡಲಿನ ಆಳ, ನಿಜ. 1890ರಲ್ಲಿ ಜರ್ಮನ್ ಜೀವವಿಜ್ಞಾನಿ ಹೆಕೆಲ್ ಅದನ್ನು ಪಾರಿಭಾಷಿಕವಾಗಿ ಬಳಸಿದ್ದೂ ಕಡಲಿನ ಜೀವಿಗಳಿಗೇ. ಆದರೆ ಈಗ ನದಿ, ಕೆರೆಗಳ ತಳಕ್ಕೂ ಅದೇ ಪದ. ಭದ್ರೆಯ ಕಲ್ಲಿನಡಿಯ ಹುಳುಗಳನ್ನೂ, ಗೊರೂರಿನ ಹಿನ್ನೀರಿನ ಹೂಳಿನಲ್ಲಿರುವವನ್ನೂ ಕಡಲಡಿಯವು ಎನ್ನುತ್ತೀರಾ? ಮೂಲಪದ ‘ತಳಜೀವಿ’ ಇರಲಿ. ಕಡಲು ಬೇಕಾದ ಕಡೆ ‘ಕಡಲ ತಳಜೀವಿ’ ಎಂದರಾಯಿತು.

ಮೂಡಿಗೆರೆಯಿಂದ:
ತಳಜೀವಿಗೆ ನನ್ನ ಒಪ್ಪಿಗೆ. ಇನ್‌ಫೌನಾಗೆ ‘ಹುದುಗುಜೀವಿ’ ಹೊಂದುತ್ತದೆ, ಕೆಸರಾದರೂ ಮರಳಾದರೂ ಒಳಗೆ ಹುದುಗಿರುವಂಥದ್ದು. ಎಪಿಫೌನಾಗೆ ಕೆಲವರು ಬರೆಯುವ ‘ತೆವಳುಜೀವಿ’ ತಪ್ಪು. ಬಂಡೆಗೆ ಅಂಟಿದ ಬಾರ್ನಕಲ್, ಸ್ಪಂಜು ಯಾವುದೂ ತೆವಳುವುದಿಲ್ಲ. ‘ಮೇಲ್ತಳಜೀವಿ’ ಎಂದರೆ ನೀರಿನ ಮೇಲ್ಮೈಯಲ್ಲಿ ತೇಲುವುದೆಂದು ಓದಿಕೊಳ್ಳುತ್ತಾರೆ. ‘ತಳದ ಮೇಲಿನ ಜೀವಿ’ ಎಂದು ಬಿಡಿಸಿಯೇ ಬರೆಯಿರಿ.

ಮೇಯೋಫೌನಾ ‘ಮಧ್ಯಮ’ ಅಲ್ಲ. ಗ್ರೀಕಿನ ‘ಮೇಯೋನ್’ ಎಂದರೆ ಇನ್ನೂ ಚಿಕ್ಕದು. ಇಲ್ಲಿ ಗಾತ್ರ ತೀರ್ಮಾನಿಸುವುದು ಜರಡಿ. 0.5 ಮಿ.ಮೀ. ಕಣ್ಣಿನ ಜರಡಿಯಲ್ಲಿ ಉಳಿದದ್ದು ಮ್ಯಾಕ್ರೋಫೌನಾ, ಅಂದರೆ ದೊಡ್ಡವು (ಕೆಲವರು 1 ಮಿ.ಮೀ. ಬಳಸುತ್ತಾರೆ). ಅದರಿಂದ ಇಳಿದು 63 ಮೈಕ್ರಾನಿನದರಲ್ಲಿ ನಿಂತದ್ದು ಮೇಯೋಫೌನಾ, ಹೆಚ್ಚಿನವು ದುಂಡುಹುಳುಗಳು. ‘ಸೂಕ್ಷ್ಮ’ ಎಂಬುದನ್ನು ಅದಕ್ಕೂ ಕೆಳಗಿನವಕ್ಕೆ ಕಾದಿಡಬೇಕು. ಇದಕ್ಕೆ ‘ಕಿರು ತಳಜೀವಿ’ ಸಾಕು.

ಸಂಗ್ರಹದ ಬಗ್ಗೆ ಏನು ಬರೆದಿದ್ದೀರಿ ಮೇಡಂ?

ಹಾಸನದಿಂದ:
‘ಬಲೆ ಬೀಸಿ ಹಿಡಿದು, ಕೆಡದಂತಿಡುವ ಫಾರ್ಮಲಿನ್‌ಗೆ ಹಾಕುತ್ತಾರೆ’ ಎಂದು.

ಮೂಡಿಗೆರೆಯಿಂದ:
ತೆಗೆಯಿರಿ. ಹುದುಗಿದ್ದು ಬಲೆಗೆ ಬೀಳದು. ತಳದ ಮಣ್ಣನ್ನೇ ಬಾಚಿ ತರುವ ವ್ಯಾನ್ ವೀನ್ ಗ್ರ್ಯಾಬ್ ಬೇಕು, ಸಾಮಾನ್ಯವಾಗಿ 0.1 ಚದರ ಮೀಟರ್ ಅಳತೆಯದು. ದವಡೆಯ ನಡುವೆ ಕಲ್ಲೋ ಚಿಪ್ಪೋ ಸಿಕ್ಕಿ ಬಾಯಿ ಪೂರ್ತಿ ಮುಚ್ಚದಿದ್ದರೆ ಮೇಲೆ ಬರುವಷ್ಟರಲ್ಲಿ ಮಣ್ಣು ತೊಳೆದುಹೋಗುತ್ತದೆ. ಆ ಮಾದರಿಯನ್ನು ಚೆಲ್ಲಿ ಮತ್ತೆ ಇಳಿಸಬೇಕು. ಜರಡಿಯ ಮೇಲೆ ನೀರು ರಭಸವಾಗಿ ಬಿಟ್ಟರೆ ಹುಳು ತುಂಡಾಗುತ್ತದೆ, ಆಮೇಲೆ ತಲೆಯಿರುವ ತುಂಡನ್ನಷ್ಟೇ ಎಣಿಸಬೇಕು. ನೇರ ಫಾರ್ಮಲಿನ್‌ಗೆ ಬಿದ್ದರೆ ಮುದುಡಿಕೊಂಡು ಗುರುತು ಸಿಗದು. ಮೊದಲು ಮೆಗ್ನೀಷಿಯಂ ಕ್ಲೋರೈಡ್ ದ್ರಾವಣದಲ್ಲಿ ಸಡಿಲಾಗಲು ಬಿಡಬೇಕು. ಫಾರ್ಮಲಿನ್‌ಗೆ ಬೋರಾಕ್ಸ್ ಬೆರೆಸಿರಬೇಕು, ಇಲ್ಲದಿದ್ದರೆ ಅದರ ಆಮ್ಲೀಯತೆಗೆ ಎಳೆಯ ಚಿಪ್ಪುಗಳು ಕರಗುತ್ತವೆ. ರೋಸ್ ಬೆಂಗಾಲ್ ಬಣ್ಣ ಹಾಕಿದರೆ ಹುಳುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಕಸದ ನಡುವೆ ಎದ್ದು ಕಾಣುತ್ತವೆ. ಕೊನೆಗೆ 70% ಆಲ್ಕೊಹಾಲ್.

ಸಕಲೇಶಪುರದಿಂದ:
ಬಯೋಟರ್ಬೇಶನ್‌ಗೆ (ಜೀವಿಗಳು ತಳದ ಕೆಸರನ್ನು ಕಲಕುವುದಕ್ಕೆ) ‘ಜೈವಿಕ ವಿಕ್ಷೋಭೆ’ ಎಂದು ಬರೆಯಬೇಡಿ, ‘ಕೆಸರುಳುಮೆ’ ಎನ್ನಿ. ಎರೆಹುಳು ಹೊಲಕ್ಕೆ ಮಾಡುವ ಕೆಲಸವನ್ನೇ ಇವು ತಳಕ್ಕೆ ಮಾಡುತ್ತವೆ.

ಮೂಡಿಗೆರೆಯಿಂದ:
ಒಳ್ಳೆಯ ಪದ, ಇಟ್ಟುಕೊಳ್ಳೋಣ. ಆದರೆ ಉಳುಮೆಯಷ್ಟೇ ಅಲ್ಲ, ನೀರು ಹಾಯಿಸುವುದೂ ಇದೆ. ಹುಳು ಬಿಲದೊಳಗೆ ನೀರೆಳೆದಾಗ ಆಮ್ಲಜನಕ ಕೆಳಗಿಳಿಯುತ್ತದೆ. ಕೆಸರನ್ನು ಸೀಳಿ ನೋಡಿದರೆ ಕಪ್ಪು ಮಣ್ಣಿನಲ್ಲಿ ಬಿಲದ ಗೋಡೆ ಮಾತ್ರ ಕಂದಾಗಿರುತ್ತದೆ. ಕೊಳೆತದ್ದರ ಸಾರಜನಕ, ರಂಜಕ ಮತ್ತೆ ನೀರು ಸೇರಲು ಇದೂ ಒಂದು ದಾರಿ. ಹಾಸನದ ಸಂತೆಗೆ ಘಟ್ಟ ಹತ್ತಿ ಬರುವ ನಂಗು ಮೀನು ಮೇಯುವುದೂ ಈ ಹುಳುಗಳನ್ನೇ. ಮಳೆಗಾಲದಲ್ಲಿ ಆಳದ ತಣ್ಣನೆ ನೀರು ಕರಾವಳಿಯತ್ತ ಏರಿ ಬಂದಾಗ ತಳದಲ್ಲಿ ಆಮ್ಲಜನಕ ಕುಸಿಯುತ್ತದೆ. ಆಗ ತಾಳಿಕೊಳ್ಳುವ ಕೆಲವೇ ಜಾತಿ ಉಳಿಯುತ್ತವೆ.

ಬೇಲೂರಿನಿಂದ:
ಇಷ್ಟೆಲ್ಲ ಯಾಕೆ? ಬೆಂಥೋಸ್ ಎಂತಲೇ ಬರೆಯಿರಿ. ನೀರಿನಲ್ಲಿ ತೇಲುವ ಜೀವಿಗಳಾದ ಪ್ಲಾಂಕ್ಟನ್‌ಗೆ ‘ಪ್ಲವಕ’ ಮಾಡಿದರು. ಮಕ್ಕಳು ಎರಡೆರಡು ಪದ ಬಾಯಿಪಾಠ ಮಾಡುವಂತಾಯಿತು.

ಸಕಲೇಶಪುರದಿಂದ:
‘ಪ್ಲವಕ’ ಸೋತದ್ದು ಸಂಸ್ಕೃತದ್ದಾದ್ದರಿಂದ. ‘ತೇಲುಸಿರಿ’ ಎಂದಿದ್ದರೆ ಗೆಲ್ಲುತ್ತಿತ್ತು.

ಬೇಲೂರಿನಿಂದ:
ಬಸ್ಸು, ಕಾಫಿ ಯಾರಿಗೂ ತೊಡಕಾಗಿಲ್ಲ. ಪದ ಕಡ ತಂದರೆ ಭಾಷೆ ಸಾಯುವುದಿಲ್ಲ.

ಚಿಕ್ಕಮಗಳೂರಿನಿಂದ:
ಬಸ್ಸು ಬೀದಿಯಲ್ಲಿ ಕಾಣುತ್ತದೆ, ಬೆಂಥೋಸ್ ಕಾಣುವುದಿಲ್ಲ. ಕಾಣದ್ದರ ಹೆಸರು ತಾನೇ ಸ್ವಲ್ಪ ಅರ್ಥ ಹೇಳಬೇಕು. ಕಡದ ಜಗಳಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲಿ ಮೇಡಂ ಕಾಯುತ್ತಿದ್ದಾರೆ.

ಹಾಸನದಿಂದ:
ತಲೆಬರಹ ಹೀಗೆ ಮಾಡಿದ್ದೇನೆ: ‘ಕಡಲ ತಳಜೀವಿಗಳು (ಬೆಂಥೋಸ್): ತಳದಲ್ಲಿ ಬದುಕುವ ಪ್ರಾಣಿಗಳು’.

ಮೂಡಿಗೆರೆಯಿಂದ:
‘ಪ್ರಾಣಿಗಳು’ ತೆಗೆದು ‘ಪ್ರಾಣಿ, ಸಸ್ಯ, ಸೂಕ್ಷ್ಮಜೀವಿಗಳು’ ಮಾಡಿ. ಬೆಂಥೋಸ್‌ನಲ್ಲಿ ತಳದ ಪಾಚಿಯೂ ಬ್ಯಾಕ್ಟೀರಿಯವೂ ಸೇರುತ್ತವೆ. ಉಳಿದದ್ದು ಅಚ್ಚಿಗೆ ಹೋಗಲಿ.